ಮುಯ್ಯಿ: ಕಂಬಂ ಕಣಿವೆಯ ಒಂದು ಲೆಕ್ಕದ ಚರಿತ್ರೆ

ಮದುವೆಗೆ ಬಂದವರು ಮದುವೆಮನೆಯವರ ಕೈಗೆ ಕೊಡುವ ಹಣಕ್ಕೆ ಹಳೆ ಮೈಸೂರು ಸೀಮೆಯಲ್ಲಿ ಮುಯ್ಯಿ ಎನ್ನುತ್ತಾರೆ, ಉತ್ತರ ಕರ್ನಾಟಕದಲ್ಲಿ ಆಯೇರಿ. ತೇನಿ, ಕಂಬಂ, ದಿಂಡಿಗಲ್ ಕಡೆಯ ತಮಿಳಿನಲ್ಲಿ ಅದು ಮೊಯ್. ದನಿಯಲ್ಲಿ ಮುಯ್ಯಿಗೂ ಮೊಯ್‌ಗೂ ಹೆಚ್ಚು ಅಂತರವಿಲ್ಲ, ಆದರೆ ಎರಡು ಭಾಷೆಗಳು ಎರಡು ಮಗ್ಗುಲನ್ನು ಹಿಡಿದುಕೊಂಡಿವೆ. ತಮಿಳಿನ ಮೊಯ್‌ಗೆ ಗುಂಪುಗೂಡುವುದು, ಬೆಲ್ಲಕ್ಕೆ ಇರುವೆ ಮುತ್ತುವ ಹಾಗೆ ಮುತ್ತುವುದು ಎಂಬ ಅರ್ಥವೂ ಉಂಟು. ಕನ್ನಡದ ಮುಯ್ಯಿಯಲ್ಲಿ ಮರಳಿಸುವ ಮಾತು ಮುಂದೆ ನಿಂತಿದೆ. ಪಡೆದದ್ದನ್ನು ತಿರುಗಿ ಕೊಡುವುದು ಮುಯ್ಯಿ. ನೆರೆಯವನು ತನ್ನ ಹೊಲದಲ್ಲಿ ದುಡಿದ ದಿನಕ್ಕೆ ಬದಲಾಗಿ ತಾನೂ ಹೋಗಿ ಒಂದು ದಿನ ದುಡಿಯುವುದು ಮುಯ್ಯಾಳು. ಕೇಡಿಗೆ ಕೇಡು ಮಾಡುವುದಕ್ಕೂ ಮುಯ್ಯಿ ತೀರಿಸುವುದು ಎಂದೇ ಹೆಸರು. ಜನ ಸೇರುವುದು, ಸೇರಿದವರ ಋಣ ಹಿಂತಿರುಗುವುದು, ಈ ಎರಡರ ನಡುವೆಯೇ ಈ ಪದ್ಧತಿಯ ಚರಿತ್ರೆ ಓಡಾಡಿದೆ. ಸುಖಕ್ಕೆ ಹಣ ದೊಡ್ಡದೋ ನೆಂಟರು ದೊಡ್ಡವರೋ ಎಂದು ಬೇರೆಡೆ ತೂಗಿ ನೋಡುತ್ತಾರೆ. ಈ ಕಣಿವೆಯ ಮನೆಗಳಲ್ಲಿ ನೆಂಟಸ್ತಿಕೆಯನ್ನೇ ರೂಪಾಯಿಯ ಲೆಕ್ಕದಲ್ಲಿ ಬರೆದಿಟ್ಟರು.

ಕಂಬಂ ಕಣಿವೆ ಪಶ್ಚಿಮ ಘಟ್ಟಗಳ ಮೂಡಣ ಬುಡದಲ್ಲಿದೆ. ಗೂಡಲೂರಿನಿಂದ ಕಂಬಂ, ಉತ್ತಮಪಾಳ್ಯಂ, ಚಿನ್ನಮನೂರು ದಾಟಿ ತೇನಿಯವರೆಗೆ ಅದು ಚಾಚಿಕೊಂಡಿದೆ. ಪಡುವಣದ ಗುಡ್ಡಸಾಲಿನ ಆಚೆ ಕೇರಳದ ಇಡುಕ್ಕಿ. ಮೂಡಣದಲ್ಲಿ ಆಂಡಿಪಟ್ಟಿಯ ಬೆಟ್ಟಗಳ ಆಚೆ ಉಸಿಲಂಪಟ್ಟಿ ಮತ್ತು ಮದುರೈ. ಇಂದಿನ ತೇನಿ ಜಿಲ್ಲೆ 1996ರಲ್ಲಿ, ದಿಂಡಿಗಲ್ ಜಿಲ್ಲೆ 1985ರಲ್ಲಿ ಮದುರೈಯಿಂದ ಬೇರೆಯಾದವು. ಕನ್ನಡನಾಡಿಗೂ ಈ ಸೀಮೆಗೂ ನಂಟು ಹಳೆಯದು. ವಿಜಯನಗರದ ಕಾಲದಲ್ಲಿ, ಮದುರೈ ನಾಯಕರು ಪಾಳೆಯಪಟ್ಟುಗಳನ್ನು ಕಟ್ಟಿದಾಗ, ತೆಲುಗು ಮತ್ತು ಕನ್ನಡ ಮಾತಾಡುವ ಬೇಸಾಯಗಾರರು, ದನಗಾಹಿಗಳು, ನೇಕಾರರು ದಕ್ಷಿಣಕ್ಕೆ ಇಳಿದರು. ಬೋಡಿನಾಯಕನೂರಿನಂಥ ಹೆಸರುಗಳು ಆ ಕಾಲವನ್ನು ಇನ್ನೂ ಹೊತ್ತಿವೆ. 18ನೆಯ ಶತಮಾನದಲ್ಲಿ ದಿಂಡಿಗಲ್ಲಿನ ಕೋಟೆ ಮೈಸೂರಿನ ಕೈಗೆ ಬಂತು. 1755ರಲ್ಲಿ ಹೈದರಾಲಿ ಅಲ್ಲಿಯ ಫೌಜುದಾರನಾಗಿ ಬಂದು ಬಲ ಬೆಳೆಸಿಕೊಂಡ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅದು ಈಸ್ಟ್ ಇಂಡಿಯಾ ಕಂಪನಿಗೆ ಹೋಯಿತು.

ಹಾಗೆ ಬಂದ ಕನ್ನಡಿಗರಲ್ಲಿ ಕಣಿವೆಯಲ್ಲಿ ಬೇರು ಬಿಟ್ಟವರು ಕಪ್ಪಿಲಿಯರು ಮತ್ತು ಅನುಪ್ಪರು. ಕಪ್ಪಿಲಿಯರು ತಮ್ಮನ್ನು ಒಕ್ಕಲಿಗರೆಂದೂ ಕರೆದುಕೊಳ್ಳುತ್ತಾರೆ. ಮನೆಯೊಳಗೆ ಕನ್ನಡ, ಓದುಬರಹಕ್ಕೆ ತಮಿಳು ಎಂಬುದು ಅವರ ರೂಢಿ. 1906ರಲ್ಲಿ ಪ್ರಕಟವಾದ ಮದುರಾ ಜಿಲ್ಲೆಯ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಇವರ ವಿಷಯ ಬರೆದ. 1909ರಲ್ಲಿ ಎಡ್ಗರ್ ಥರ್ಸ್ಟನ್ ತನ್ನ ಏಳು ಸಂಪುಟಗಳ ಗ್ರಂಥದಲ್ಲಿ ಅದನ್ನು ಎತ್ತಿಕೊಂಡ. ಅವರ ದಾಖಲೆಯಲ್ಲಿ ಎರಡು ಸಂಗತಿ ಇಲ್ಲಿಗೆ ಮುಖ್ಯ. ಮೊದಲನೆಯದು, ಸೋದರತ್ತೆಯ ಮಗಳ ಮೇಲೆ ಗಂಡಿಗಿದ್ದ ಹಕ್ಕು. ವಯಸ್ಸು ಹೊಂದದಿದ್ದರೂ ಬಿಡದಷ್ಟು ಅದು ಬಿಗಿಯಾಗಿತ್ತಂತೆ. ಇದು ಹೆಣ್ಣಿನ ಇಷ್ಟಕ್ಕೆ ಎಡೆಯಿಲ್ಲದ ಕಟ್ಟಳೆ, ಅದನ್ನು ಮರೆಯುವಂತಿಲ್ಲ. ಆದರೆ ಇದರ ಹಿಂದಿನ ಲೆಕ್ಕವನ್ನೂ ನೋಡಬೇಕು. ಒಂದು ಮನೆಯಿಂದ ಹೊರಟ ಮಗಳು ಒಂದು ತಲೆಮಾರು ಕಳೆದ ಮೇಲೆ ತನ್ನ ಮಗಳ ರೂಪದಲ್ಲಿ ಅದೇ ಮನೆಗೆ ಮರಳಬೇಕು. ರೂಪಾಯಿ ಬರುವುದಕ್ಕೆ ಮುಂಚೆಯೇ ಮುಯ್ಯಿಯ ತರ್ಕ ಇಲ್ಲಿತ್ತು. ಓಡಾಡುತ್ತಿದ್ದದ್ದು ಮಾತ್ರ ಹಣವಲ್ಲ.

ಎರಡನೆಯದು ದೇವರ ಆವುಗಳ ಸಂಗತಿ. ಕಂಬಂನ ಕಪ್ಪಿಲಿಯರು ಒಂದು ದನದ ಹಿಂಡನ್ನು ಕುಲದ ಹಿಂಡಾಗಿ ಸಾಕಿಕೊಂಡು ಬಂದರು. ತಮಿಳಿನಲ್ಲಿ ಅದು ತಂಬಿರಾನ್ ಮಾಡು. ತಮ್ಮ ಹಿರಿಯರು ಕನ್ನಡನಾಡಿನಿಂದ ಹೊಡೆದುಕೊಂಡು ಬಂದ ದನಗಳ ಸಂತತಿ ಅದು ಎಂಬುದು ಅವರ ನಂಬಿಕೆ. ಹಿಂಡಿಗೆ ಪಟ್ಟದ ಹೋರಿ ಇರುತ್ತಿತ್ತು. ಅದು ಸತ್ತರೆ ಮರ್ಯಾದೆಯಿಂದ ಹೂಳುತ್ತಿದ್ದರು. ಹಿಂಡಿನ ಮುಂದೆ ಕಬ್ಬಿನ ಕಟ್ಟು ಇಟ್ಟು, ಮೊದಲು ಬಾಯಿ ಹಾಕಿದ್ದಕ್ಕೆ ಪಟ್ಟ ಕಟ್ಟುತ್ತಿದ್ದರು. ಕಂಬಂನ ನಂದಗೋಪಾಲಸ್ವಾಮಿ ದೇವಸ್ಥಾನದ ತೊಳುವಿನಲ್ಲಿ, ಎಂದರೆ ದನದ ದೊಡ್ಡಿಯಲ್ಲಿ, ಇಂದಿಗೂ ಮಾಟ್ಟು ಪೊಂಗಲ್ ದಿನ ಜನ ಸೇರುತ್ತಾರೆ, ದನಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ದನವೆಂದರೆ ಧನ ಎಂಬ ಕಾಲದಲ್ಲಿ ಅದರ ಒಂದು ಪಾಲನ್ನು ಯಾರ ಮನೆಯ ಆಸ್ತಿಯೂ ಆಗದಂತೆ ಎತ್ತಿಟ್ಟಿದ್ದರು ಎಂಬುದೇ ಇದರಲ್ಲಿ ಗಮನಿಸಬೇಕಾದದ್ದು. ಕುಲವೆಲ್ಲ ಒಟ್ಟಿಗೆ ನಿಲ್ಲಲು ಒಂದು ಕಾರಣ ಬೇಕಿತ್ತು, ಆ ಹಿಂಡು ಅದಾಯಿತು.

ಕಣಿವೆಗೆ ನಗದು ಹಣ ಬಂದದ್ದು ನೀರಿನ ಜೊತೆಗೆ. 1876ರಿಂದ 1878ರ ಬರ ಮದರಾಸು ಪ್ರಾಂತವನ್ನೆಲ್ಲ ಸುಟ್ಟಿತ್ತು. ಅದರ ತರುವಾಯ ಬ್ರಿಟಿಷ್ ಎಂಜಿನಿಯರ್ ಕರ್ನಲ್ ಜಾನ್ ಪೆನ್ನಿಕ್ಯುಯಿಕ್ ಪೆರಿಯಾರ್ ಹೊಳೆಗೆ ಅಡ್ಡಗಟ್ಟೆ ಕಟ್ಟಿ, ಘಟ್ಟದ ನೆತ್ತಿಯಲ್ಲಿ ಸುರಂಗ ಕೊರೆದು, ಪಡುವಣ ಕಡಲಿಗೆ ಹೋಗುತ್ತಿದ್ದ ನೀರನ್ನು ಮೂಡಣಕ್ಕೆ ತಿರುಗಿಸಿದ. 1887ರಲ್ಲಿ ಶುರುವಾದ ಕೆಲಸ 1895ರಲ್ಲಿ ಮುಗಿಯಿತು. ಆ ನೀರು ಸುರುಳಿ ಹೊಳೆಗೆ ಸೇರಿ ಕಣಿವೆಯ ಗದ್ದೆಗಳನ್ನು ತೋಯಿಸಿ ವೈಗೈ ಹೊಳೆಗೆ ಹರಿಯಿತು. ಎರಡು ಬೆಳೆ ಕೈಗೆ ಬಂದವು. ಪೆನ್ನಿಕ್ಯುಯಿಕ್‌ನ ಹುಟ್ಟಿದ ದಿನವಾದ ಜನವರಿ 15ರಂದು ತೇನಿಯ ಬಳಿಯ ಪಾಲಾರ್‌ಪಟ್ಟಿಯಲ್ಲಿ ಪೊಂಗಲ್ ಇಡುತ್ತಾರೆ. ಲೋಯರ್ ಕ್ಯಾಂಪಿನಲ್ಲಿ 2013ರಲ್ಲಿ ಅವನ ಸ್ಮಾರಕ ಎದ್ದಿತು. ನೂರು ವರ್ಷ ಕಳೆದರೂ ಋಣವನ್ನು ಹೀಗೆ ನೆನೆಯುವ ಜನಕ್ಕೆ ಮುಯ್ಯಿ ಪುಸ್ತಕ ಬರೀ ಸಾಲದ ಪುಸ್ತಕವಾಗಿರಲು ಸಾಧ್ಯವಿಲ್ಲ.

ನೀರಿನ ಜೊತೆಗೆ ಬೆಟ್ಟದ ಮೇಲಿನ ತೋಟಗಳೂ ಬೆಳೆದವು. ಏಲಕ್ಕಿ, ಕಾಫಿ, ಟೀ ತೋಟಗಳಿಗೆ ಆಳುಗಳು ಕಣಿವೆಯಿಂದಲೇ ಹತ್ತಿದರು. ಮೂನ್ನಾರಿನ ಟೀ ಟಾಪ್ ಸ್ಟೇಷನ್ನಿನಿಂದ ಹಗ್ಗದ ದಾರಿಯಲ್ಲಿ ಕೊಟ್ಟಗುಡಿಗೆ ಇಳಿದು ಬೋಡಿಗೆ, ಎಂದರೆ ಬೋಡಿನಾಯಕನೂರಿಗೆ, ಬರುತ್ತಿತ್ತು. 1928ರಲ್ಲಿ ಮದುರೈಯಿಂದ ಬೋಡಿಗೆ ರೈಲು ಬಂತು. ಬೋಡಿನಾಯಕನೂರು ಏಲಕ್ಕಿ ಮಾರುಕಟ್ಟೆಯಾಯಿತು. ಕೂಲಿ ವಾರಕ್ಕೊಮ್ಮೆ ಕೈಗೆ ಬರತೊಡಗಿತು. ಅಲ್ಲಿಯವರೆಗೆ ಅಕ್ಕಿ, ಆಡು, ತರಕಾರಿ, ಸೌದೆ, ಮೈಬೆವರಿನ ದುಡಿಮೆ ಹೀಗೆ ವಸ್ತುವಿನಲ್ಲಿ ಸಲ್ಲುತ್ತಿದ್ದ ಮದುವೆಯ ನೆರವು ಮೆಲ್ಲಗೆ ನಾಣ್ಯಕ್ಕೆ, ನೋಟಿಗೆ ತಿರುಗಿತು. ಇಂದಿಗೂ ಕಂಬಂ, ಗೂಡಲೂರು, ಬೋಡಿಯಿಂದ ಬೆಳಗಿನ ಜಾವ ಹೆಂಗಸರು ಜೀಪು ಹತ್ತಿ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ಸಂಜೆಗೆ ಇಳಿಯುತ್ತಾರೆ. ಮುಯ್ಯಿ ಮೇಜಿನ ಮೇಲೆ ಬೀಳುವ ನೋಟಿನಲ್ಲಿ ಈ ಕೂಲಿಯೂ ಇದೆ.

ಮೇಜಿನ ಏರ್ಪಾಡು ಹೀಗೆ. ಮದುವೆ, ಕಿವಿ ಚುಚ್ಚುವುದು, ಹುಡುಗಿ ಮೈನೆರೆದ ಸಮಾರಂಭ, ಮನೆಯೊಕ್ಕಲು, ಇವುಗಳಲ್ಲಿ ಯಾವುದೇ ಇರಲಿ, ಊಟದ ಪಂಕ್ತಿಯ ದಾರಿಯಲ್ಲಿ ಒಂದು ಮೇಜು. ಅಲ್ಲಿ ಇಬ್ಬರು: ಒಬ್ಬ ಎಣಿಸುವವನು, ಒಬ್ಬ ಬರೆಯುವವನು. ಇಬ್ಬರೂ ಊರಿನಲ್ಲಿ ನಂಬಿಕೆ ಗಳಿಸಿದವರು. ಉದ್ದನೆಯ ಪುಸ್ತಕದ ಅಂಚಿಗೆ ಅರಿಶಿನ, ಮೊದಲ ಹಾಳೆಯಲ್ಲಿ ಪಿಳ್ಳೈಯಾರ್ ಸುಳಿ ಎಂಬ ಗಣಪತಿಯ ಗುರುತು. ಮೊದಲ ಸಾಲು ತಾಯ್‌ಮಾಮನದು, ಎಂದರೆ ಸೋದರಮಾವನದು. ಆಮೇಲೆ ಒಬ್ಬೊಬ್ಬರದೂ: ಮೊದಲು ಊರು, ತರುವಾಯ ತಂದೆಯ ಹೆಸರು, ತನ್ನ ಹೆಸರು, ಕೊನೆಗೆ ಮೊತ್ತ. ಒಂದೇ ಹೆಸರಿನವರು ಹಲವರಿದ್ದರೆ ಊರವರು ಕರೆಯುವ ಅಡ್ಡಹೆಸರೂ ಸೇರುತ್ತದೆ. ಮೊತ್ತ ಸೊನ್ನೆಯಲ್ಲಿ ಮುಗಿಯಬಾರದು. 51, 101, 501. ಆ ಒಂದು ರೂಪಾಯಿ ಮುಂದುವರಿಯುವ ಲೆಕ್ಕದ ಗುರುತು. ಹಿಂದೆ ಧ್ವನಿವರ್ಧಕದಲ್ಲಿ ಹೆಸರನ್ನೂ ಮೊತ್ತವನ್ನೂ ಕೂಗುತ್ತಿದ್ದರು. ಹಳೆ ಮೈಸೂರಿನಲ್ಲಿ ಮುಯ್ಯಿ ಓದಿಸುವುದು ಎಂಬ ಮಾತು ಬಳಕೆಗೆ ಬಂದದ್ದೂ ಹೀಗೆ ಎಲ್ಲರೆದುರು ಓದಿ ಹೇಳುತ್ತಿದ್ದುದರಿಂದ. ಕೊಟ್ಟವರ ಕೈಗೆ ತೆಂಗಿನಕಾಯಿ, ವೀಳ್ಯದ ಹಳದಿ ಚೀಲ.

ಸಮಾರಂಭ ಮುಗಿದ ರಾತ್ರಿ ಹಣ ಎಣಿಕೆಯಾಗಿ ಅಡುಗೆಯವರು, ಚಪ್ಪರದವರು, ಕಿರಾಣಿಯವರ ಬಾಕಿ ತೀರುತ್ತದೆ. ಉಳಿದದ್ದರಲ್ಲಿ ಒಂದು ಬಾವಿ, ಒಂದು ಎತ್ತಿನ ಜೋಡಿ, ಮಗನ ಓದು, ಕೆಲವೊಮ್ಮೆ ಬಡ್ಡಿ ಸಾಲದ ತೀರುವಳಿ. ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ, ಒಂದೇ ದಿನದಲ್ಲಿ ದೊಡ್ಡ ಮೊತ್ತ ಕೈಗೆ ಕೊಡುವ ಇಂಥ ಏರ್ಪಾಡನ್ನು ಯಾವ ಬ್ಯಾಂಕೂ ಈ ಬಡ ಬೇಸಾಯಗಾರರಿಗೆ ಮಾಡಿಕೊಟ್ಟಿರಲಿಲ್ಲ. ಪುಸ್ತಕವನ್ನು ಪೆಟ್ಟಿಗೆಯಲ್ಲಿಡುತ್ತಾರೆ. ಇನ್ನೊಂದು ಊರಿನಿಂದ ಲಗ್ನಪತ್ರಿಕೆ ಬಂದಾಗ ಅದನ್ನು ತೆಗೆದು, ಅವರು ಎಷ್ಟು ಹಾಕಿದ್ದರು ಎಂದು ನೋಡಿ, ಅದರ ಮೇಲೆ ಒಂದಿಷ್ಟು ಸೇರಿಸಿ ಕೊಡುತ್ತಾರೆ. ಅಪ್ಪ ಸತ್ತರೆ ಪುಸ್ತಕ ಮಗನಿಗೆ. ಅಣ್ಣತಮ್ಮಂದಿರು ಪಾಲಾದರೆ ಹೊಲಮನೆಯ ಹಾಗೆ ಮುಯ್ಯಿಯೂ ಪಾಲು.

ಮೇಲೆ ಸೇರಿಸುವ ಆ ಒಂದಿಷ್ಟೇ ಈ ಪದ್ಧತಿಯ ಗುಟ್ಟು. ಪಡೆದಷ್ಟನ್ನೇ ಸರಿಯಾಗಿ ಹಿಂದಿರುಗಿಸಿದರೆ ಲೆಕ್ಕ ಚುಕ್ತಾ ಆಗುತ್ತದೆ. ಲೆಕ್ಕ ಚುಕ್ತಾ ಆದ ಎರಡು ಮನೆಗಳು ಒಂದನ್ನೊಂದು ಕರೆಯಬೇಕಾದ ಹಂಗಿನಿಂದ ಹೊರಬಿದ್ದ ಹಾಗೆ. ಹೆಚ್ಚಿಗೆ ಹಾಕಿದ ರೂಪಾಯಿ ಹೊಸ ಋಣವಾಗಿ ಎದುರು ಮನೆಯವರ ಪುಸ್ತಕದಲ್ಲಿ ಕೂತು, ಮುಂದಿನ ಮದುವೆಗೆ ಅವರನ್ನು ಎಳೆದು ತರುತ್ತದೆ. ಪೇಟೆಯ ಲೆಕ್ಕದಲ್ಲಿ ಬಾಕಿ ಉಳಿದರೆ ಮನಸ್ತಾಪ. ಇಲ್ಲಿ ಬಾಕಿ ಉಳಿಯದಿದ್ದರೆ ಮನಸ್ತಾಪ. ಹಣ ತರಲೆಂದು ನಂಟನ್ನು ಬಳಸುತ್ತಿದ್ದರೋ, ನಂಟು ಉಳಿಯಲೆಂದು ಹಣವನ್ನು ಬಳಸುತ್ತಿದ್ದರೋ ಎಂದು ಕೇಳಿದರೆ, ಪುಸ್ತಕದ ರಚನೆಯೇ ಎರಡನೆಯದರ ಕಡೆಗೆ ಕೈ ತೋರುತ್ತದೆ.

ಮುಯ್ಯಿಯ ಪಕ್ಕದಲ್ಲೇ ಇನ್ನೊಂದು ಪದ್ಧತಿ ನಡೆದುಬಂತು, ಸೀರ್. ಮುಯ್ಯಿ ಎರಡೂ ಕಡೆ ಹರಿಯುತ್ತದೆ. ಸೀರ್ ತವರಿನಿಂದ ಹೆಣ್ಣಿನ ಕಡೆಗೆ ಮಾತ್ರ. ತಂಗಿಯ ಮಗಳು ಮೈನೆರೆದರೆ ಅಣ್ಣ ಸೀರೆ, ಒಡವೆ, ಪಾತ್ರೆ, ಹಣ್ಣು, ಹೂವಿನ ಮಾಲೆ, ಆಡುಗಳನ್ನು ತಟ್ಟೆತಟ್ಟೆಯಾಗಿ ಹೊರಿಸಿಕೊಂಡು ವಾದ್ಯದೊಂದಿಗೆ ಊರ ಬೀದಿಯಲ್ಲಿ ಬರುತ್ತಾನೆ. ತಂಗಿಯ ಮಕ್ಕಳ ಕಿವಿ ಚುಚ್ಚುವುದು ಸೋದರಮಾವನ ಮಡಿಲಲ್ಲಿ. ತಂಗಿಗೆ ಸಾವು ಬಂದಾಗ ತವರಿನಿಂದ ಕೋಡಿ ಬರಬೇಕು, ಎಂದರೆ ಹೊಸ ಸೀರೆ. ಕರ್ನಾಟಕದ ಹಳ್ಳಿಗಳಲ್ಲೂ ತೀರಿಕೊಂಡ ಮುತ್ತೈದೆಗೆ ತವರಿನ ಸೀರೆ ಹೊದಿಸದೆ ಎತ್ತುವುದಿಲ್ಲ. ಆ ಸೀರೆಗೆ ತಿರುಗಿ ಕೊಡುವ ಲೆಕ್ಕವೇ ಇಲ್ಲ. ತವರಿನಲ್ಲಿ ಯಾರೂ ಉಳಿದಿಲ್ಲದ ಹೆಣ್ಣನ್ನು ಎಷ್ಟೇ ಐಶ್ವರ್ಯವಿದ್ದರೂ ಈ ಸೀಮೆ ಅನಾಥೆ ಎಂದೇ ಎಣಿಸಿತು.

ಈ ಕೊಡುಕೊಳ್ಳುವಿಕೆಯನ್ನು ಕೂತು ನೋಡಿದ ವಿದ್ವಾಂಸ ಫ್ರಾನ್ಸಿನ ಲೂಯಿ ದ್ಯೂಮೋ. 1949ರಿಂದ 1950ರವರೆಗೆ ಆತ ಮದುರೈಯ ಪಶ್ಚಿಮಕ್ಕಿರುವ ಪಿರಮಲೈ ಕಳ್ಳರ್ ಸಮುದಾಯದ ನಡುವೆ ಇದ್ದು, 1957ರಲ್ಲಿ ಅವರನ್ನು ಕುರಿತ ದೊಡ್ಡ ಗ್ರಂಥ ತಂದ. ಬೀಗತನ ಎಂಬುದು ಒಂದು ಮದುವೆಯೊಂದಿಗೆ ಮುಗಿಯುವುದಿಲ್ಲ, ರಕ್ತಸಂಬಂಧದ ಹಾಗೆ ಅದೂ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತದೆ, ಸೋದರಮಾವನ ಉಡುಗೊರೆ ಅದರ ಗೋಚರ ರೂಪ ಎಂದು ಆತ ಕಂಡುಕೊಂಡ. ಅವನ ಗುರು ಮಾರ್ಸೆಲ್ ಮೋಸ್ 1925ರಲ್ಲೇ ಉಡುಗೊರೆಯನ್ನು ಕುರಿತ ಪ್ರಬಂಧದಲ್ಲಿ ಕೊಡುವುದು, ಪಡೆಯುವುದು, ಮರಳಿಸುವುದು ಮೂರೂ ಕಡ್ಡಾಯವಾಗಿರುವ ಸಮಾಜಗಳ ವಿಷಯ ಬರೆದಿದ್ದ. ಪಂಜಾಬಿನ ಹಳ್ಳಿಗಳಲ್ಲಿ ವರ್ತನ್ ಭಾಂಜಿ ಎಂಬ ಹೆಸರಿನಲ್ಲಿ ಇದೇ ನಡೆ ಇರುವುದನ್ನು 1960ರಲ್ಲಿ ಜೆಕಿಯೆ ಎಗ್ಲಾರ್ ದಾಖಲಿಸಿದಳು. ಅಲ್ಲೂ ಲೆಕ್ಕವನ್ನು ಸಮ ಮಾಡುವುದಿಲ್ಲ.

ಅರ್ಥಶಾಸ್ತ್ರದವರು ಇದಕ್ಕೆ ತಡವಾಗಿ ಬಂದರು. 1989ರಲ್ಲಿ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ ದಕ್ಷಿಣ ಭಾರತದ ಒಣಭೂಮಿಯ ಹಳ್ಳಿಗಳ ಲೆಕ್ಕ ನೋಡಿ, ಹೆಣ್ಣುಮಕ್ಕಳನ್ನು ದೂರದ ಊರುಗಳಿಗೆ ಕೊಡುವುದರಿಂದ ಒಂದು ಕಡೆ ಮಳೆ ಕೈಕೊಟ್ಟಾಗ ಇನ್ನೊಂದು ಕಡೆಯ ಬೀಗರು ಕೈಹಿಡಿಯುತ್ತಾರೆ ಎಂದು ತೋರಿಸಿದರು. ಸುಖದ ಅಳತೆಗೆ ಇಳಿದವರದು ಇನ್ನೊಂದು ದಾರಿ. ದೇಶದ ಆದಾಯ ಏರಿದಷ್ಟೂ ಜನರ ಸಂತೋಷ ಏರುವುದಿಲ್ಲ ಎಂದು 1974ರಲ್ಲಿ ರಿಚರ್ಡ್ ಈಸ್ಟರ್ಲಿನ್ ವಾದಿಸಿದ. 2001ರಲ್ಲಿ ಕಲ್ಕತ್ತೆಯ ಕೊಳೆಗೇರಿ ಮತ್ತು ಪಾದಚಾರಿ ಹಾದಿಯ ನಿವಾಸಿಗಳನ್ನು ಮಾತಾಡಿಸಿದ ಅಧ್ಯಯನಕ್ಕೆ, ಕೈಯಲ್ಲಿ ಕಾಸಿಲ್ಲದವರಲ್ಲೂ ಮನೆಯವರ ವಿಷಯದಲ್ಲಿ ತೃಪ್ತಿ ಇರುವುದು ಕಂಡಿತು. ಆದರೆ ಅದೇ ಜನ ಹಣದ ವಿಷಯದಲ್ಲಿ ಅತೃಪ್ತರು. ಈ ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವುದು ಬಡವರಿಗೆ ಮಾಡುವ ಅನ್ಯಾಯ. ಕಂಬಂ ಕಣಿವೆಯ ಬಡ ಮನೆಗೂ ನೆಂಟರ ಅಕ್ಕರೆ ಅಕ್ಕಿಯ ಬದಲಿಗೆ ಸಲ್ಲಲಿಲ್ಲ. ಅಕ್ಕರೆ ಅಕ್ಕಿಯಾಗಿಯೇ ಬರಬೇಕಿತ್ತು, ಬರುತ್ತಿತ್ತು.

ಹಾಗೆ ನೆರವು ಬರದೆ ಹೋದವರ ಚರಿತ್ರೆಯೂ ಇದೆ. ಮುಯ್ಯಿ ಕೊಟ್ಟಿದ್ದವರಿಗೆ ಮಾತ್ರ ಮುಯ್ಯಿ ಬರುತ್ತದೆ. ಗಂಡನನ್ನು ಕಳೆದುಕೊಂಡು ಸಮಾರಂಭಗಳ ಮುಂದಿನ ಸಾಲಿನಿಂದ ಹಿಂದೆ ಸರಿದವಳು, ಮಕ್ಕಳಿಲ್ಲದವರು, ಜಾತಿ ಮೀರಿ ಮದುವೆಯಾದವರು, ಬೇರೆ ಸೀಮೆಯಿಂದ ಬಂದು ನೆಲೆಸಿದವರು, ಇವರ ಹೆಸರು ಪುಸ್ತಕಗಳಲ್ಲಿ ವಿರಳ. ಕಾಫಿ, ಏಲಕ್ಕಿ, ಹತ್ತಿಯ ಹಣ ಕಂಡವರು ಮೊತ್ತ ಏರಿಸಿದಾಗ, ಅಷ್ಟೇ ಏರಿಸಲಾಗದವನು ಬಡ್ಡಿಗೆ ಸಾಲ ತಂದು ಮುಯ್ಯಿ ಹಾಕಿದ. ಬಡ್ಡಿಯಿಂದ ಕಾಪಾಡಲು ಹುಟ್ಟಿದ ಏರ್ಪಾಡು ಬಡ್ಡಿಯವನ ಬಾಗಿಲಿಗೇ ಕಳಿಸಿತು. ಹಾಕಿದ ಹಣವನ್ನು ಬೇಗ ಮರಳಿ ಪಡೆಯಲೆಂದೇ ಸಮಾರಂಭ ಹೂಡುವುದೂ ಬಂತು. ಉಸಿಲಂಪಟ್ಟಿ ಕಡೆ ಮನೆಯಲ್ಲಿ ಮದುವೆಯಿಲ್ಲದಿದ್ದರೂ ವಸಂತ ವಿಳಾ ಎಂಬ ಹೆಸರಿಟ್ಟು ಊಟ ಹಾಕಿಸಿ ಮುಯ್ಯಿ ಎತ್ತುತ್ತಾರೆ. ಮೂಡಣದ ಪುದುಕ್ಕೋಟ್ಟೈ, ತಂಜಾವೂರು ಗಡಿಯಲ್ಲಿ ಆಡಿ ತಿಂಗಳ ಮೊಯ್ ವಿರುಂದು ಈಗ ಅದಕ್ಕೇ ಹೆಸರುವಾಸಿ.

ಸೀರ್‌ನದು ಇದಕ್ಕಿಂತ ಕಡುಕಷ್ಟದ ಕಥೆ. 1959ರಲ್ಲಿ ಆಂಡಿಪಟ್ಟಿಯ ಬಳಿ ವೈಗೈ ಅಣೆಕಟ್ಟು ತೆರೆದ ಮೇಲೆ ಮೂಡಣದ ಬಯಲಿನ ಬೇಸಾಯಕ್ಕೂ ಪೇಟೆಯ ಹಣ ಹೊಕ್ಕಿತು, ಗಂಡಿನ ಬೆಲೆ ಏರಿತು, ಅಕ್ಕರೆಯ ಕಾಣಿಕೆಯಾಗಿದ್ದ ಸೀರ್ ವರದಕ್ಷಿಣೆಯ ಜೊತೆ ಬೆರೆತು ಬೇಡಿಕೆಯಾಯಿತು. ಹುಟ್ಟಿದಾಗ, ಮೈನೆರೆದಾಗ, ಮದುವೆಗೆ, ಬಾಣಂತನಕ್ಕೆ ಹೀಗೆ ಹೆಣ್ಣಿನ ಬದುಕಿನ ಪ್ರತಿ ಮೆಟ್ಟಿಲಿಗೂ ತವರು ತೆರಬೇಕಾದ ಮೊತ್ತ ನಿಂತಿತು. 1986ರ ಜೂನ್‌ನಲ್ಲಿ ಇಂಡಿಯಾ ಟುಡೇ ಪತ್ರಿಕೆ ಉಸಿಲಂಪಟ್ಟಿ ಸೀಮೆಯಲ್ಲಿ ಹುಟ್ಟಿದ ಹೆಣ್ಣುಕೂಸುಗಳನ್ನು ಕೊಲ್ಲುತ್ತಿರುವುದನ್ನು ಮುಖಪುಟದಲ್ಲಿ ಬರೆದಾಗ ದೇಶ ಬೆಚ್ಚಿತು. 1992ರಲ್ಲಿ ಸೇಲಂನಲ್ಲಿ ತಮಿಳುನಾಡು ಸರ್ಕಾರ ಆರಂಭಿಸಿದ ತೊಟ್ಟಿಲು ಮಗು ಯೋಜನೆ 2001ರಲ್ಲಿ ಮದುರೈ, ತೇನಿ, ದಿಂಡಿಗಲ್, ಧರ್ಮಪುರಿ ಜಿಲ್ಲೆಗಳಿಗೆ ಬಂತು. ಸಾಕಲಾರದವರು ಕೂಸನ್ನು ತೊಟ್ಟಿಲಿನಲ್ಲಿ ಬಿಟ್ಟು ಹೋಗಬಹುದಿತ್ತು. ತಂಗಿಗೆ ಬರಿಗೈಯಲ್ಲಿ ಮುಖ ತೋರಿಸಲಾಗದು ಎಂದು ಮರ್ಯಾದೆಗೆ ಅಂಜುತ್ತಿದ್ದ ಜನರೇ ಮಗಳು ಹುಟ್ಟಿದೊಡನೆ ಲೆಕ್ಕ ಹಾಕಿ ಹೆದರಿದರು. ಈ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಪುಟ ಇಲ್ಲ.

ತೇನಿಯ ಅಲ್ಲಿನಗರದಲ್ಲಿ ಹುಟ್ಟಿದ ಭಾರತಿರಾಜ ಈ ಜಗತ್ತನ್ನು ಬೆಳ್ಳಿತೆರೆಗೆ ತಂದ. ಅಣ್ಣತಂಗಿಯರ ಅಕ್ಕರೆ, ಬೀಗರ ಹಗೆತನವನ್ನು ಹೆಣೆದ ಅವನ ಕಿಳಕ್ಕು ಚೀಮೈಯಿಲೆ ಚಿತ್ರ ಬಂದದ್ದು 1993ರಲ್ಲಿ, ಹೆಣ್ಣುಕೂಸುಗಳ ಸುದ್ದಿ ಇನ್ನೂ ಹಸಿಯಾಗಿದ್ದಾಗಲೇ. ಅದರಲ್ಲಿ ಸೋದರಮಾವನ ಸೀರ್ ಮೆರವಣಿಗೆಯ ಹಾಡು ಇದೆ. ಸೀರ್ ಭಾರವೂ ಹೌದು, ಅದನ್ನು ಹೊತ್ತು ತರುವ ಅಣ್ಣನ ಹೆಮ್ಮೆಯೂ ನಿಜ. ಎರಡನ್ನೂ ಒಟ್ಟಿಗೆ ಬಲ್ಲವರೇ ಆ ಚಿತ್ರವನ್ನು ಕಣ್ಣೀರಿಟ್ಟು ನೋಡಿದರು.

ಸರ್ಕಾರದ ಕಾನೂನೂ ನೆಂಟಸ್ತಿಕೆಗೆ ಗೆರೆ ಎಳೆಯಬೇಕಾಯಿತು. ಉಡುಗೊರೆ ತೆರಿಗೆ 1998ರಲ್ಲಿ ರದ್ದಾಗಿತ್ತು. 2004ರಲ್ಲಿ ಆದಾಯ ತೆರಿಗೆಯ ಕಾನೂನಿಗೆ ತಂದ ತಿದ್ದುಪಡಿ, ಕೊಡುಗೆಯಾಗಿ ಬಂದ ದೊಡ್ಡ ಮೊತ್ತವನ್ನು ಆದಾಯವೆಂದೇ ಎಣಿಸಿತು; ಮಿತಿ ಮೊದಲು 25,000 ರೂಪಾಯಿ, ಆಮೇಲೆ 50,000. ನೆಂಟರಿಂದ ಬಂದದ್ದಕ್ಕೆ ಮತ್ತು ಒಬ್ಬರ ಸ್ವಂತ ಮದುವೆಯಲ್ಲಿ ಬಂದದ್ದಕ್ಕೆ ವಿನಾಯಿತಿ. ಆ ಕಾನೂನಿನ ಪಟ್ಟಿಯಲ್ಲಿ ಸೋದರಮಾವ ನೆಂಟ, ಅವನ ಮಗ ಅಲ್ಲ. ಸೋದರಮಾವನ ಮಗನೇ ಮದುವೆಗೆ ಮೊದಲ ಹಕ್ಕುದಾರನಾಗಿದ್ದ ಸೀಮೆಗೆ ಈ ಗೆರೆ ಅಪರಿಚಿತ. 2016ರ ನವೆಂಬರ್ 8ರ ರಾತ್ರಿ 500, 1,000 ರೂಪಾಯಿಯ ನೋಟು ರದ್ದಾದಾಗ, ಮದುವೆಯಿದ್ದ ಮನೆಗೆ ಬ್ಯಾಂಕಿನಿಂದ 2.5 ಲಕ್ಷ ತೆಗೆಯಲು ಬೇರೆ ಅನುಮತಿ ಕೊಡಬೇಕಾಯಿತು. ಮುಯ್ಯಿ ಹಾಕುವವರ ಕೈಯಲ್ಲೇ ನೋಟು ಇರಲಿಲ್ಲ. 2020ರ ಕೊರೋನಾ ಕಾಲದಲ್ಲಿ ಮದುವೆಗೆ 50 ಜನ ಎಂಬ ಮಿತಿ ಬಂತು. ಹಣ ಎಲ್ಲಿಂದಲಾದರೂ ಕಳಿಸಬಹುದಿತ್ತು, ಮೊಯ್ ಎಂಬ ಮಾತಿನ ಇನ್ನೊಂದು ಅರ್ಥವಾದ ಗುಂಪು ಮಾತ್ರ ಸೇರುವಂತಿರಲಿಲ್ಲ. 2021ರ ಜನವರಿಯಲ್ಲಿ ಮದುರೈಯ ಒಂದು ಮನೆಯವರು ಲಗ್ನಪತ್ರಿಕೆಯಲ್ಲೇ ಗೂಗಲ್ ಪೇ, ಫೋನ್ ಪೇಗಳ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದ್ದು ದೇಶದ ತುಂಬ ಸುದ್ದಿಯಾಯಿತು.

ಕರ್ನಾಟಕದ ಪೇಟೆಗಳ ಲಗ್ನಪತ್ರಿಕೆಯ ಕೆಳಗೆ ಆಶೀರ್ವಾದವೇ ಉಡುಗೊರೆ ಎಂಬ ಸಾಲು ಈಗ ಸಾಮಾನ್ಯ. ಮುಯ್ಯಿ ಓದಿಸುವ ಧ್ವನಿ ಅಲ್ಲಿ ಬಹುಮಟ್ಟಿಗೆ ನಿಂತಿದೆ. ತೇನಿ ಸೀಮೆಯ ಮದುವೆ ಮಂಟಪಗಳಲ್ಲಿ ಮೇಜು ಇನ್ನೂ ಇದೆ. ಹಲವು ಕಡೆ ಬರೆಯುವವನ ಜಾಗದಲ್ಲಿ ಕಂಪ್ಯೂಟರ್ ಕೂತಿದೆ, ಹಣ ಕೊಟ್ಟವರಿಗೆ ಅಚ್ಚಾದ ಚೀಟಿ ಸಿಗುತ್ತದೆ. ಸಾಲಿನ ಕ್ರಮ ಬದಲಾಗಿಲ್ಲ: ಊರು, ತಂದೆಯ ಹೆಸರು, ತನ್ನ ಹೆಸರು, ಮೊತ್ತ.